ಛಾವಣಿ ನಿಲ್ಲಿಸಿದ ಆಟಕ್ಕೊಂದು ಪ್ರೊಸೆಸರ್

ಒಸಾಕಾದ ಶಿನ್‌ಸೆಕಾಯ್‌ನಲ್ಲಿ, ಗೋಪುರದ ಹಿಂದಿನ ಓಣಿಯಲ್ಲಿ, ಕರಿದ ತಿಂಡಿಯ ಎರಡು ಅಂಗಡಿಗಳ ನಡುವೆ ಸಿಕ್ಕಿಕೊಂಡಿರುವ ಶೋಗಿ ಮನೆ, ಅಂದರೆ ಜಪಾನಿ ಚದುರಂಗ ಆಡುವ ಮನೆ, ನನ್ನದು. ಅಪ್ಪ ನಡೆಸುತ್ತಿದ್ದರು, ಅವರ ನಂತರ ನನ್ನ ಕುತ್ತಿಗೆಗೆ ಬಂತು. ಬೆಳಿಗ್ಗೆ ಬಾಗಿಲು ತೆರೆದರೆ ಸಾಕು, ಕೆಲಸದಿಂದ ನಿವೃತ್ತರಾದ ಗಂಡಸರೆಲ್ಲ ಬಂದು ಮಣೆ ಹಿಡಿಯುತ್ತಾರೆ. ಹೆಂಡತಿಯರು ಫೋನು ಮಾಡಿ ಕರೆಯುವವರೆಗೂ ಏಳುವುದಿಲ್ಲ. ಮಣೆಯ ಮೇಲೆ ರಾಜ, ರಥ, ಕಾಲಾಳುಗಳನ್ನು ಟಪ್ ಟಪ್ ಎಂದು ಕುಟ್ಟುತ್ತ, ಎದುರಿಗೆ ಕೂತವನ ಮರ್ಯಾದೆ ತೆಗೆಯುತ್ತ, ಚಹಾ ಮೇಲೆ ಚಹಾ ಕುಡಿಯುತ್ತಿರುತ್ತಾರೆ.

ಇವರಲ್ಲಿ ಇಬ್ಬರು ಮಾತ್ರ ಹತ್ತು ವರ್ಷಕ್ಕೂ ಮಿಕ್ಕಿ ಒಬ್ಬರೆದುರು ಒಬ್ಬರು ಕೂತು ಆಡಿರಲಿಲ್ಲ. ಒಬ್ಬರು ಹಾತಾನಾಕಾ, ಜೀವಮಾನವೆಲ್ಲ ಟ್ಯಾಕ್ಸಿ ಓಡಿಸಿದವರು. ಇನ್ನೊಬ್ಬರು ಒಕುಮುರಾ, ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದ ಟೇಲರು. ಹಾತಾನಾಕಾ ಕಿಟಕಿ ಪಕ್ಕ ಕೂತರೆ ಒಕುಮುರಾ ಪಾಯಿಖಾನೆಯ ಪಕ್ಕ ಕೂರುತ್ತಿದ್ದರು. ಒಕುಮುರಾ ಮೊದಲೇ ಬಂದು ಕಿಟಕಿ ಹಿಡಿದ ದಿನ ಹಾತಾನಾಕಾ ಪಾಯಿಖಾನೆಯ ಪಕ್ಕ. ಮಾತು ಬಿಟ್ಟಿರಲಿಲ್ಲ, ಅದೊಂದೇ ತೊಂದರೆ. ಎರಡೂ ಮೂಲೆಯಿಂದ ನನ್ನ ತಲೆಯ ಮೇಲೆ ಹಾದು ಹೋಗುವಂತೆ ಕೂಗಾಡುತ್ತಿದ್ದರು.

ಕಾರಣ, ಅಪ್ಪನ ಕಾಲದ ಒಂದು ಪಂದ್ಯದ ಕೊನೆಯ ಆಟ. ಎರಡೂ ಕಡೆ ರಾಜರಿಗೆ ಕಾವಲು ಹರಿದುಹೋಗಿ, ಯಾರು ಬೇಕಾದರೂ ಯಾರನ್ನು ಬೇಕಾದರೂ ಮುಗಿಸಬಹುದು ಅನ್ನುವ ಘಟ್ಟ. ಸುತ್ತ ನಿಂತವರು ಉಸಿರು ಬಿಗಿಹಿಡಿದಿದ್ದರು. ಆ ಹೊತ್ತಿಗೆ ಮೇಲಿನ ಮನೆಯಾತ ಸ್ನಾನದ ತೊಟ್ಟಿಗೆ ನಲ್ಲಿ ತಿರುಗಿಸಿ ನಿದ್ದೆಹೋಗಿದ್ದ. ನಮ್ಮ ಛಾವಣಿ ಮೊದಲು ಬೆವರಿತು. ಆಮೇಲೆ ಬಸುರಿಯ ಹೊಟ್ಟೆಯ ಹಾಗೆ ಕೆಳಕ್ಕೆ ಜೋತುಬಿತ್ತು. ಎಲ್ಲರೂ ಮಣೆ ನೋಡುತ್ತಿದ್ದರೇ ಹೊರತು ಮೇಲೆ ನೋಡಿದವರಿಲ್ಲ. ಕೊನೆಗೆ ಹಲಗೆ, ಗಾರೆ, ಬಿಸಿನೀರು ಎಲ್ಲ ಒಟ್ಟಿಗೆ ಮಣೆಯ ಮೇಲೆ ಸುರಿಯಿತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಕಾಯಿಗಳು ರಸ್ತೆಯವರೆಗೂ ತೇಲಿಹೋದವು.

ಅಪ್ಪ ಇಬ್ಬರಿಗೂ ಅರ್ಧರ್ಧ ಬಹುಮಾನ ಅಂದರು. ಇಬ್ಬರೂ ಬೇಡವೆಂದರು. "ಇನ್ನೆರಡು ನಿಮಿಷ ಸಿಕ್ಕಿದ್ರೆ ಅವನ ಕಥೆ ಮುಗಿದಿತ್ತು" ಎಂದು ಇಬ್ಬರೂ ಅಂದು ಹೇಳಿದವರು, ಆಮೇಲೂ ಹೇಳುತ್ತಲೇ ಇದ್ದರು. ಯಾವ ಕಾಯಿ ಎಲ್ಲಿತ್ತೆಂಬುದು ಇಬ್ಬರಿಗೂ ಬಾಯಿಪಾಠ. ಹೊಸಬರು ಯಾರಾದರೂ ಸಿಕ್ಕಿದರೆ ಆ ಮಣೆಯನ್ನು ಹಾಗೆಯೇ ಜೋಡಿಸಿ, ತಾವು ಗೆಲ್ಲುವ ಬಗೆ ತೋರಿಸಿ, ಹೂಂಗುಟ್ಟಿಸಿಕೊಂಡೇ ಕಳಿಸುತ್ತಿದ್ದರು.

ಹೋದ ಶರತ್ಕಾಲದಲ್ಲಿ ಬ್ಯಾಂಕಿನ ಒಬ್ಬ ಗುಮಾಸ್ತ ಮೊದಲ ಸಲ ಬಂದ. ಹಾತಾನಾಕಾ ಅವನನ್ನು ಹಿಡಿದು ಕೂರಿಸಿದರು.

"ನೋಡಪ್ಪಾ, ನನ್ನ ರಥ ಇಲ್ಲಿ. ಅವನ ರಾಜ ಇಲ್ಲಿ, ಬಚ್ಚಲುಮನೇಲಿ ಸಿಕ್ಕಿಬಿದ್ದ ಕಳ್ಳನ ಥರ. ಈಗ ನಾನು ಹೀಗೆ ಬಂದೆ ಅನ್ನು…"

ಪಾಯಿಖಾನೆಯ ಮೂಲೆಯಿಂದ ದನಿ ಬಂತು. "ಆ ಹುಡುಗನ ಕಿವಿಗೆ ಹೂವಿಡಬೇಡ ಕಣೋ ಟ್ಯಾಕ್ಸಿ! ನೀನು ಬರೋಷ್ಟರಲ್ಲಿ ನಿನ್ನ ರಾಜನ ಹೆಣ ಎತ್ತಿಯಾಗಿರುತ್ತೆ."

"ನಿನಗೆ ಸೂಜಿಗೆ ದಾರ ಪೋಣಿಸೋಕೆ ಅರ್ಧ ದಿನ ಬೇಕು. ನೀನು ಹೆಣ ಎತ್ತೋದಂತೆ!"

"ಅರ್ಧ ದಿನ ಆದ್ರೂ ನೆಟ್ಟಗೆ ಹೊಲೀತೀನಿ. ನಿನ್ನ ಥರ ದಾರಿ ತಪ್ಪಿ ಕೋಬೆಗೆ ಹೋಗಲ್ಲ."

ದಾರಿ ತಪ್ಪಿ ಕೋಬೆಗೆ ಹೋದದ್ದು ನಿಜವಾಗಿ ನಡೆದ ಸಂಗತಿ. ಹಾತಾನಾಕಾ ಎದ್ದು ನಿಂತರು. ಗುಮಾಸ್ತ ಚೀಲ ಎದೆಗವಚಿಕೊಂಡು ಹೊರಗೆ ಹೋದವನು ಮತ್ತೆ ಬರಲಿಲ್ಲ.

ನನಗೆ ರೇಗಿತು. "ಸಾಕು ಮಾಡ್ರಪ್ಪಾ! ದೊಡ್ಡ ದೊಡ್ಡ ಆಟಗಾರರೇ ಈಗ ಮನೇಲಿ ಕಂಪ್ಯೂಟರ್ ಜೋಡಿಸ್ಕೊಂಡು ಅದರ ಹತ್ರ ಲೆಕ್ಕ ಕೇಳ್ತಾರೆ. ನೀವಿಬ್ರೂ ಸೇರಿ ಒಂದು ಜೋಡಿಸಿ, ಅದನ್ನೇ ಕೇಳಿ. ಅದು ಯಾರು ಗೆದ್ರು ಅನ್ನುತ್ತೋ ಅವರು ಗೆದ್ದ ಹಾಗೆ. ಇಲ್ಲಾಂದ್ರೆ ಈ ಆಟದ ಹೆಸರನ್ನ ನನ್ನ ಮನೇಲಿ ಎತ್ತಬೇಡಿ."

ಜೋಡಿಸು ಅಂದರೆ ಇಬ್ಬರೂ ಹೆದರಿ ಸುಮ್ಮನಾಗುತ್ತಾರೆ ಅಂದುಕೊಂಡಿದ್ದೆ. ಹಾತಾನಾಕಾ ಒಕುಮುರಾ ಅವರನ್ನು ನೋಡಿದರು. ಒಕುಮುರಾ ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡರು.

"ನನಗೇನು ಭಯ?" ಅಂದರು ಒಕುಮುರಾ.

"ನನಗಂತೂ ಇಲ್ವೇ ಇಲ್ಲ" ಅಂದರು ಹಾತಾನಾಕಾ.

ಅಲ್ಲಿಂದ ಶುರುವಾಯಿತು ನೋಡಿ. ಮರುದಿನವೇ ಇಬ್ಬರೂ ಕಂಪ್ಯೂಟರ್ ಅಂಗಡಿಗಳ ಬಣ್ಣಬಣ್ಣದ ಕಾಗದಗಳನ್ನು ಕಂಕುಳಲ್ಲಿಟ್ಟುಕೊಂಡು ಬಂದರು. ಶೋಗಿಯ ಲೆಕ್ಕ ಮಾಡಬೇಕಾದರೆ ಮುಖ್ಯವಾದದ್ದು ಪ್ರೊಸೆಸರ್ ಎಂದು ಎಲ್ಲಿಂದಲೋ ತಿಳಿದುಕೊಂಡಿದ್ದರು. ಪ್ರೊಸೆಸರಿನ ಒಳಗೆ ಕೋರ್ ಅಂತ ಇರುತ್ತವೆ, ಒಂದೊಂದು ಕೋರೂ ಒಂದೊಂದು ತಲೆಯ ಹಾಗೆ ಬೇರೆ ಬೇರೆ ಲೆಕ್ಕ ಮಾಡುತ್ತದೆ. ಕೆಲವು ಪ್ರೊಸೆಸರಿಗೆ ತಲೆ ಕಡಿಮೆ, ಆದರೆ ಒಂದೊಂದು ತಲೆಯೂ ಬಲು ಚುರುಕು. ಕೆಲವಕ್ಕೆ ತಲೆ ಜಾಸ್ತಿ, ವೇಗ ಸ್ವಲ್ಪ ಕಡಿಮೆ. ಇಷ್ಟು ತಿಳಿದದ್ದೇ ತಪ್ಪಾಯಿತು.

"ಎಂಟು ತಲೆ ಸಾಕು, ಆದ್ರೆ ಗಾಳಿ ಥರ ಓಡಬೇಕು" ಅಂದರು ಹಾತಾನಾಕಾ. "ರಸ್ತೇಲಿ ಎಷ್ಟು ಕಾರಿದ್ರೇನು? ಮೊದಲು ಮುಟ್ಟೋನು ಒಬ್ನೇ."

"ಮೂವತ್ತೆರಡು ತಲೆ ಬೇಕು" ಅಂದರು ಒಕುಮುರಾ. "ನನ್ನ ಅಂಗಡೀಲಿ ಒಬ್ಬ ಕತ್ತರಿಸೋನು, ಒಬ್ಬ ಕಾಲರ್ ಹೊಲಿಯೋನು, ಒಬ್ಬ ಗುಂಡಿ ಹಾಕೋನು ಇದ್ರು. ಎಲ್ಲಾ ಒಬ್ನೇ ಮಾಡ್ತೀನಿ ಅಂದವನು ಹೊಲಿದ ಚಡ್ಡಿ ಮಕ್ಕಳು ಓಡಿದ್ರೆ ಹರಿದುಹೋಗ್ತಿತ್ತು."

"ಮೂವತ್ತೆರಡು ಜನ ಸೇರಿ ಯೋಚನೆ ಮಾಡೋದು ಅಂದ್ರೆ ಅದು ಪ್ರೊಸೆಸರ್ ಅಲ್ಲ, ನಿಮ್ಮ ಓಣಿಯ ಸಭೆ. ನೆಟ್ಟಗೆ ಒಂದು ತೀರ್ಮಾನ ಆಗಿದ್ದು ಉಂಟಾ?"

ಇಷ್ಟಕ್ಕೇ ನಿಂತಿದ್ದರೆ ಯಾವುದೋ ಒಂದನ್ನು ಆರಿಸುತ್ತಿದ್ದರೇನೋ. ಆದರೆ ಮೂರನೆಯ ದಿನ ಹಾತಾನಾಕಾ ನನ್ನನ್ನು ಬದಿಗೆ ಕರೆದರು.

"ಚಿಜುರು-ಚಾನ್, ಆ ಟೇಲರು ಯಾಕೆ ನಿಧಾನದ್ದೇ ಬೇಕು ಅಂತ ಹಟ ಹಿಡಿದಿದಾನೆ ಗೊತ್ತಾ? ಅವನ ಆಟ ನಿಧಾನದ್ದು. ನಿಧಾನದ ಪ್ರೊಸೆಸರಿಗೆ ನಿಧಾನದ ಆಟವೇ ಸರಿ ಅನ್ಸುತ್ತೆ. ತೀರ್ಪು ಅವನ ಕಡೆ."

"ಹಾಗೆಲ್ಲ ಇರಲ್ಲ, ಹಾತಾನಾಕಾ ಸಾನ್. ಅದು ಕೂಡೋದು ಕಳೆಯೋದು ಮಾಡುತ್ತೆ ಅಷ್ಟೇ."

"ನಿನಗೆ ಆ ಮನುಷ್ಯ ಗೊತ್ತಿಲ್ಲ."

ಅವರು ಚಹಾ ತರಲು ಎದ್ದುಹೋದದ್ದೇ ತಡ, ಒಕುಮುರಾ ಬಂದರು. "ಚಿಜುರು-ಚಾನ್, ನನಗೊಂದು ಅನುಮಾನ. ದುಡುಕೋ ಪ್ರೊಸೆಸರ್ ದುಡುಕೋ ಆಟಾನೇ ಮೆಚ್ಚುತ್ತೆ ಅಲ್ವಾ?"

ಸುದ್ದಿ ಹರಡಿ ಇಡೀ ಶೋಗಿ ಮನೆ ಎರಡು ಪಕ್ಷವಾಯಿತು. ಎಂಟರವರು ಕಿಟಕಿಯ ಕಡೆ, ಮೂವತ್ತೆರಡರವರು ಪಾಯಿಖಾನೆಯ ಕಡೆ. ಕಂಪ್ಯೂಟರಿನ ಗುಂಡಿ ಎಲ್ಲಿದೆ ಎಂದು ತಿಳಿಯದವರೆಲ್ಲ ಅದರ ಹೊಟ್ಟೆಯೊಳಗಿನ ವಿಷಯ ಮಾತಾಡತೊಡಗಿದರು. ಕೊನೆಗೆ ನಾನೇ ಬಾಗಿಲಿಗೆ ರಜೆಯ ಫಲಕ ತೂಗಿ, ಇಬ್ಬರನ್ನೂ ಮುಂದಿಟ್ಟುಕೊಂಡು ಕಂಪ್ಯೂಟರ್ ಅಂಗಡಿಗಳ ಬೀದಿ ನಿಪ್ಪೊಂಬಾಶಿಗೆ ಹೊರಟೆ. ನಡೆದುಹೋಗುವ ದೂರವೇ. ಇಬ್ಬರೂ ರಸ್ತೆಯ ಎರಡು ಬದಿಯಲ್ಲಿ ನಡೆದರು.

ಬಿಡಿಭಾಗಗಳ ಒಂದು ಅಂಗಡಿಯಲ್ಲಿ ನಮಗೆ ಸಿಕ್ಕಿದ್ದು ಕುಸುಮೋತೊ ಎಂಬ ಹೆಂಗಸು. ನಲವತ್ತರ ಆಚೆಈಚೆ ವಯಸ್ಸು, ಕೊರಳಲ್ಲಿ ಗುರುತಿನ ಚೀಟಿ, ಕಣ್ಣಲ್ಲಿ ಬೆಳಿಗ್ಗೆಯಿಂದ ಇಂಥವರನ್ನೇ ನೋಡುತ್ತಿರುವ ದಣಿವು.

"ಯಾವ ಕೆಲಸಕ್ಕೆ ಬೇಕು ಸರ್? ಗೇಮ್ ಆಡೋಕಾ, ವಿಡಿಯೋ ಮಾಡೋಕಾ?"

"ಒಬ್ಬನ ಬಾಯಿ ಮುಚ್ಚಿಸೋಕೆ" ಅಂದರು ಹಾತಾನಾಕಾ.

"ಯಾರದು ಅಂತ ಆಮೇಲೆ ಗೊತ್ತಾಗುತ್ತೆ" ಅಂದರು ಒಕುಮುರಾ.

ನಾನು ನಡುವೆ ಬಾಯಿ ಹಾಕಿ ವಿಷಯ ತಿಳಿಸಿದೆ. ಕುಸುಮೋತೊ ಮುಖದಲ್ಲಿ ಒಂದು ಬಗೆಯ ಕರುಣೆ ಮೂಡಿತು. ಆಕೆ ಕೆಳಗಿನ ಅಂಕಣದಿಂದ ಅಂಗೈಗಿಂತ ಸಣ್ಣ ಪೆಟ್ಟಿಗೆಯೊಂದನ್ನು ತೆಗೆದಿಟ್ಟಳು.

"ಒಂದು ಆಟದ ಕೊನೆ ನೋಡೋಕೆ ಇದೇ ಧಾರಾಳ. ನಿಜ ಹೇಳ್ಬೇಕು ಅಂದ್ರೆ ನಿಮ್ಮ ಜೇಬಲ್ಲಿರೋ ಫೋನೇ ಸಾಕು. ಬೇಕಾದ್ರೆ ಇಲ್ಲೇ ಈಗಲೇ ನೋಡಿಬಿಡೋಣ, ದುಡ್ಡೇನೂ ಬೇಡ."

ಇಬ್ಬರೂ ಆಕೆ ತಮ್ಮ ಕೆನ್ನೆಗೆ ಬಾರಿಸಿದಳೇನೋ ಎಂಬಂತೆ ಹಿಂದೆ ಸರಿದರು. ಹತ್ತು ವರ್ಷಗಳಲ್ಲಿ ಮೊದಲ ಸಲ ಇಬ್ಬರ ಮುಖದಲ್ಲೂ ಒಂದೇ ಭಾವ ಕಂಡೆ.

"ಫೋನಾ?" ಅಂದರು ಒಕುಮುರಾ. "ಮೊಮ್ಮಗಳು ಬೆಕ್ಕಿನ ಚಿತ್ರ ಕಳಿಸೋ ಫೋನು ನಮ್ಮ ಆಟಕ್ಕೆ ತೀರ್ಪು ಕೊಡುತ್ತಾ?"

"ನಮ್ಮದೇನು ಬೀದಿಬದಿ ಆಟ ಅಂದ್ಕೊಂಡ್ಯೇನಮ್ಮಾ?" ಅಂದರು ಹಾತಾನಾಕಾ. "ಈ ಟೇಲರು ಆಡೋದು ಕೆಟ್ಟದಾಗೇ ಇರಬಹುದು. ಆದ್ರೆ ಅಷ್ಟು ಸುಲಭವಾಗಿ ಅರ್ಥ ಆಗೋ ಥರ ಕೆಟ್ಟದಾಗಿ ಆಡಲ್ಲ."

ಒಕುಮುರಾ ತಲೆ ಆಡಿಸಿದರು. ಆಮೇಲೆ, ತಾನು ಯಾವುದಕ್ಕೆ ತಲೆ ಆಡಿಸಿದೆ ಎಂದು ಹೊಳೆದು ಮುಖ ಗಂಟಿಕ್ಕಿದರು.

ಕುಸುಮೋತೊ ಸೋತವಳ ಹಾಗೆ ಗಾಜಿನ ಬೀರು ತೋರಿಸಿದಳು. ಹಾತಾನಾಕಾ ತಮ್ಮ ಎಂಟರದ್ದನ್ನು ಗುರುತಿಸಿದರು, ಒಕುಮುರಾ ಮೂವತ್ತೆರಡರದ್ದನ್ನು. ಇಬ್ಬರೂ ತಮ್ಮ ತಮ್ಮ ಪೆಟ್ಟಿಗೆಯ ಎದುರು, ಶಾಲೆಯ ಓಟದ ದಿನ ಮಕ್ಕಳ ಹಿಂದೆ ನಿಲ್ಲುವ ತಂದೆಯರ ಹಾಗೆ ನಿಂತರು. ಹಾತಾನಾಕಾ ತಮ್ಮದರ ವೇಗ ಓದಿದರು. ಒಕುಮುರಾ ತಮ್ಮದರ ತಲೆ ಎಣಿಸಿದರು. "ಬಿಸಿಯಾಗಿ ಸಾಯುತ್ತೆ ನಿನ್ನದು", "ಸಭೆ ನಡೆಸ್ತಾ ನಿದ್ದೆ ಮಾಡುತ್ತೆ ನಿನ್ನದು" ಎಂದು ಮಾತು ಬೆಳೆಯಿತು. ಗೇಮಿನ ಕುರ್ಚಿ ನೋಡಲು ಬಂದಿದ್ದ ಒಂದು ಜೋಡಿ ಕುರ್ಚಿ ಬಿಟ್ಟು ಇವರನ್ನೇ ನೋಡುತ್ತ ನಿಂತಿತು.

"ಎರಡೂ ಇರೋದು ಯಾವುದಾದ್ರೂ ಇದೆಯಾ?" ನಾನು ಕೇಳಿದೆ. ಬಾಯಿ ಮುಚ್ಚಿಕೊಂಡಿರಬೇಕಿತ್ತು.

ಕುಸುಮೋತೊ ಹಿಂಜರಿದಳು. "ಇದೆ… ಆದ್ರೆ ಅದು ಆಸ್ಪತ್ರೆ, ಸಿನಿಮಾ, ಹವಾಮಾನ ಅಂಥ ಕೆಲಸದವರು ತಗೊಳ್ಳೋದು."

ಬೀರುವಿನ ಮೇಲಿನ ಅಂಕಣಕ್ಕೆ ಬೇರೆಯೇ ಬೀಗ. ಆ ಪೆಟ್ಟಿಗೆ ಇಳಿಸಿದಾಗ ಇಬ್ಬರೂ ಅದರ ಮೇಲೆ ಬರೆದದ್ದನ್ನು ಓದಲು ಬಗ್ಗಿದರು. ತಲೆ ಒಕುಮುರಾ ಕೇಳಿದಷ್ಟಿತ್ತು, ಓಟ ಹಾತಾನಾಕಾ ಕೇಳಿದ್ದಕ್ಕಿಂತ ಕೂದಲೆಳೆಯಷ್ಟೇ ಕಡಿಮೆ. ಬೆಲೆ ನೋಡಿ ನಾನು ಪಕ್ಕದ ಕುರ್ಚಿಯಲ್ಲಿ ಕೂತೆ. ಅದು ಮಾರಾಟಕ್ಕಿಟ್ಟ ಗೇಮಿನ ಕುರ್ಚಿ, ತಾನೇ ಹಿಂದಕ್ಕೆ ಮಲಗಿಬಿಟ್ಟಿತು.

"ನಿನಗೆ ಹೆಚ್ಚಾಯ್ತು ಅನ್ಸಿದ್ರೆ ಹೇಳು, ಟೇಲರ್" ಅಂದರು ಹಾತಾನಾಕಾ. "ನಾಚಿಕೆ ಏನಿಲ್ಲ."

"ನಿನಗೆ ಹೆಚ್ಚಾಯ್ತಾ? ಬಿಡು ಪಾಪ, ಆ ಎಂಟರದ್ದೇ ತಗೊಂಡು ಮನೆಗೆ ಹೋಗು."

ಅಷ್ಟೇ, ಮುಗಿಯಿತು. ಇಬ್ಬರೂ ಒಟ್ಟಿಗೆ ಪೆಟ್ಟಿಗೆಯ ಮೇಲೆ ಕೈಯಿಟ್ಟರು.

ಆಮೇಲೆ ಕುಸುಮೋತೊ ಹೇಳಿದಳು: ಇಂಥ ಪ್ರೊಸೆಸರಿಗೆ ಇದಕ್ಕೇ ಹೊಂದುವ ಮದರ್‌ಬೋರ್ಡು ಬೇಕು. ಕೆಂಡದ ಹಾಗೆ ಕಾಯುವುದರಿಂದ ತಂಪು ಮಾಡಲು ದೊಡ್ಡ ಫ್ಯಾನು ಬೇಕು. ಆ ಫ್ಯಾನು ಹಿಡಿಸುವ ದೊಡ್ಡ ಪೆಟ್ಟಿಗೆ ಬೇಕು. ಇಷ್ಟಕ್ಕೂ ಕರೆಂಟು ಉಣಿಸುವ ದೊಡ್ಡ ಸಪ್ಲೈ ಬೇಕು. ಒಂದೊಂದಕ್ಕೂ ಇಬ್ಬರೂ "ಹೂಂ, ಹಾಕಮ್ಮಾ" ಅಂದರು. ಆದರೆ ಗಲ್ಲಾದ ಮುಂದೆ ಬಂದಾಗ ತಾವು ಚೌಕಾಸಿಗೆ ಹೆಸರಾದ ಒಸಾಕಾದವರೆಂಬುದು ನೆನಪಾಯಿತು. ಹಾತಾನಾಕಾ ಬೆಲೆ ಇಳಿಸು ಅಂದರು. ಇಳಿಸುವ ಅಧಿಕಾರ ನನಗಿಲ್ಲ ಅಂದಳು ಕುಸುಮೋತೊ. ಒಕುಮುರಾ ಎದೆ ಹಿಡಿದುಕೊಂಡು, ಹೆಂಡತಿಗೆ ಏನು ಹೇಳಲಿ ಎಂದು ನರಳಿದರು. ಹಾತಾನಾಕಾ ಅವರ ಬೆನ್ನು ಸವರುತ್ತ, "ನೋಡಮ್ಮಾ, ಮುದುಕ ಇಲ್ಲೇ ಬಿದ್ದುಹೋದ್ರೆ ನಿನ್ನ ಅಂಗಡಿಗೇ ಕೆಟ್ಟ ಹೆಸರು" ಅಂದರು. ಮೊದಲೇ ಮಾತಾಡಿಕೊಂಡು ಬಂದವರ ಹಾಗಿತ್ತು ಆ ಜೋಡಿ ನಟನೆ. ಕುಸುಮೋತೊ ಒಳಗೆ ಹೋಗಿ ಮ್ಯಾನೇಜರನ್ನು ಕೇಳಿ ಬಂದು, ಸ್ವಲ್ಪ ಇಳಿಸಿ, ಒಂದು ಮೌಸು, ಒಂದು ಕೀಬೋರ್ಡು ಬಿಟ್ಟಿ ಕೊಟ್ಟಳು. ಶೋಗಿಯ ಲೆಕ್ಕ ಮಾಡುವ ಪ್ರೋಗ್ರಾಮನ್ನೂ ಡಿಸ್ಕಿಗೆ ತುಂಬಿಸಿದಳು. ಹೊರಡುವಾಗ ನಾನು ಆಕೆಯ ಕೈಗೆ ಒಂದು ಹಿಡಿ ಪೆಪ್ಪರ್ಮೆಂಟು ಹಾಕಿದೆ. ಅದಕ್ಕಿಂತ ಹೆಚ್ಚಿನದೇ ಆಕೆಗೆ ಸಲ್ಲಬೇಕಿತ್ತು.

ಮುಂದಿನ ಬುಧವಾರ, ನಮ್ಮ ವಾರದ ರಜೆಯ ದಿನ, ಎರಡು ಮಣೆ ಸೇರಿಸಿ ಅದರ ಮೇಲೆ ಜೋಡಣೆಗೆ ಕೂತೆವು. ಕಾಗದದಲ್ಲಿದ್ದ ಸೂಚನೆಯನ್ನು ಹಾತಾನಾಕಾ ಓದಬೇಕು, ಒಕುಮುರಾ ಕೈಯಿಂದ ಮಾಡಬೇಕು ಎಂದು ನಾನೇ ಹಂಚಿದೆ. ಪ್ರೊಸೆಸರ್ ಪೆಟ್ಟಿಗೆಯಿಂದ ಹೊರಬಂತು. ಒಂದು ಬಿಸ್ಕತ್ತಿನಷ್ಟು.

"ಇಷ್ಟೇನಾ?" ಅಂದರು ಹಾತಾನಾಕಾ. "ನನ್ನ ಪಿಂಚಣಿ ಇಷ್ಟೇನಾ?"

ಮೂಲೆಯಲ್ಲಿದ್ದ ಸಣ್ಣ ತ್ರಿಕೋನದ ಗುರುತನ್ನು ಮದರ್‌ಬೋರ್ಡಿನ ಗುರುತಿಗೆ ಹೊಂದಿಸಿ, ಒಕುಮುರಾ ಅದನ್ನು ರೇಷ್ಮೆಗೆ ಮೊದಲ ಹೊಲಿಗೆ ಹಾಕುವಷ್ಟು ನಾಜೂಕಾಗಿ ಇಳಿಸಿದರು. ಉಸಿರು ಬಿಟ್ಟಾಗ ಅವರ ಹಣೆಯಲ್ಲಿ ಬೆವರಿತ್ತು. ಅದರ ಮೇಲೆ ಶಾಖ ದಾಟಿಸುವ ಬೂದು ಬಣ್ಣದ ಪೇಸ್ಟು ಹಚ್ಚಬೇಕು. ಹಾತಾನಾಕಾ ಅದನ್ನು ಒಕೊನೊಮಿಯಾಕಿ ದೋಸೆಯ ಮೇಲೆ ಮೆಯೊನೀಸ್ ಎಳೆಯುವ ಹಾಗೆ ಅಡ್ಡಡ್ಡ ಗೆರೆ ಎಳೆಯೋಣ ಅಂದರು. ಒಕುಮುರಾ ನಡುವೆ ಒಂದು ಬಟಾಣಿಯಷ್ಟು ಸಾಕು ಅಂದರು. ಜಗಳ ನಡೆಯುತ್ತಿರುವಾಗಲೇ ಟ್ಯೂಬು ತಾನಾಗಿ ಒಂದು ಗುಡ್ಡೆ ಕಕ್ಕಿತು. ಅದೇ ಇರಲಿ ಎಂದು ಮೇಲೆ ಫ್ಯಾನು ಕೂರಿಸಿದರು.

ಗುಂಡಿ ಒತ್ತಿದಾಗ ದೀಪ ಹತ್ತಿತು, ಫ್ಯಾನು ತಿರುಗಿತು, ನಾವು ಮೂವರೂ ಚಪ್ಪಾಳೆ ತಟ್ಟಿದೆವು. ಚಪ್ಪಾಳೆ ಮುಗಿಯುವಷ್ಟರಲ್ಲಿ ಫ್ಯಾನು ಹೆಲಿಕಾಪ್ಟರಿನಂತೆ ಅರಚಿ, ಎಲ್ಲ ಆರಿಹೋಯಿತು. ಮತ್ತೆ ಒತ್ತಿದರೆ ಮತ್ತೆ ಹಾಗೆಯೇ.

"ನಿನ್ನ ಕೈ ನಡುಗ್ತು, ಅದಕ್ಕೇ" ಅಂದರು ಹಾತಾನಾಕಾ.

"ನೀನು ಸರಿಯಾಗಿ ಓದಿದ್ಯಾ?"

"ಓದಿದೆ."

"ಎಲ್ಲಾ ಓದಿದ್ಯಾ?"

ಹಾತಾನಾಕಾ ಕಾಗದವನ್ನು ಕಣ್ಣಿಗೆ ಹತ್ತಿರ ಹಿಡಿದರು, ದೂರ ಹಿಡಿದರು. ಟ್ಯಾಕ್ಸಿಯವರು ಅಡ್ಡದಾರಿ ಹಿಡಿಯುವ ಹಾಗೆ ನಡುವಿನ ಒಂದು ಪುಟವನ್ನೇ ಹಾರಿಸಿದ್ದರು. ಫ್ಯಾನಿನ ಅಡಿಗೆ ಅಂಟಿಸಿದ ಪ್ಲಾಸ್ಟಿಕ್ ಹಾಳೆಯನ್ನು ಕೂರಿಸುವ ಮೊದಲು ಕಿತ್ತುಹಾಕಿ ಎಂದು ಆ ಪುಟದಲ್ಲಿ ಚಿತ್ರಸಮೇತ ಬರೆದಿತ್ತು.

ಈಗ ಒಕುಮುರಾ ಬೈಯುತ್ತಾರೆ ಎಂದು ನಾನು ಕಿವಿ ಮುಚ್ಚಿಕೊಳ್ಳಲು ತಯಾರಾದೆ. ಅವರು ಬೈಯಲಿಲ್ಲ. "ತಿರುಪು ತೆಗಿ, ನಾನು ಹಿಡ್ಕೋತೀನಿ" ಅಂದರು ಅಷ್ಟೇ. ಇಬ್ಬರೂ ತಲೆಗೆ ತಲೆ ತಾಗಿಸಿಕೊಂಡು ಫ್ಯಾನು ಬಿಚ್ಚಿದರು, ಹಾಳೆ ಕಿತ್ತರು, ಹಳೆಯ ಪೇಸ್ಟನ್ನು ಒರೆಸಿದರು, ಹೊಸದಾಗಿ ಒಂದು ಬಟಾಣಿಯಷ್ಟು ಇಟ್ಟರು. "ಇನ್ನೊಂಚೂರು ಎಡಕ್ಕೆ", "ಸಾಕಾ?", "ಸಾಕು, ಬಿಗಿ ಮಾಡು" ಎನ್ನುವ ಮಾತುಗಳ ಹೊರತು ಬೇರೇನೂ ಕೇಳಿಸಲಿಲ್ಲ. ಗಂಟೆಗಟ್ಟಲೆ ಇಬ್ಬರಲ್ಲೊಬ್ಬರೂ ಕೊಂಕಾಡದೆ ಇದ್ದದ್ದು ನೋಡಿ ನನಗೇ ಗಾಬರಿಯಾಯಿತು.

ಮೂರು ಗಂಟೆಯ ಹೊತ್ತಿಗೆ ಯಂತ್ರ ಎದ್ದು ಕೂತಿತು. ಪಕ್ಕದ ಅಂಗಡಿಯಿಂದ ಕಡ್ಡಿಗೆ ಚುಚ್ಚಿ ಕರಿದ ಈರುಳ್ಳಿ, ಕಮಲದ ಬೇರು ತರಿಸಿದೆ. ಇಬ್ಬರೂ ಮುಟ್ಟಲಿಲ್ಲ. ಪರದೆಯ ಮೇಲೆ ಶೋಗಿಯ ಮಣೆ ಬಂತು. ಒಬ್ಬರು ಹೇಳುತ್ತ, ಇನ್ನೊಬ್ಬರು ಹೂಂಗುಟ್ಟುತ್ತ, ಒಂದೊಂದೇ ಕಾಯಿಯನ್ನು ನನ್ನ ಕೈಯಲ್ಲಿ ಇಡಿಸಿದರು. ಅವರ ರಥ, ಇವರ ರಾಜ, ಯಾರ ಕೈಯಲ್ಲಿ ಸೆರೆಸಿಕ್ಕ ಕಾಲಾಳು ಎಷ್ಟು, ಒಂದರಲ್ಲೂ ಭಿನ್ನಾಭಿಪ್ರಾಯವಿರಲಿಲ್ಲ. ಹತ್ತು ವರ್ಷ ಹಳೆಯ ಮಣೆ ಕೂದಲಷ್ಟೂ ಕೊಂಕದೆ ಎದ್ದು ನಿಂತಿತು.

ಎಲ್ಲ ಇಟ್ಟ ಮೇಲೆ ಯಂತ್ರ ಒಂದೇ ಒಂದು ಪ್ರಶ್ನೆ ಕೇಳಿತು. ನಾನು ಗಟ್ಟಿಯಾಗಿ ಓದಿದೆ: "ಈಗ ನಡೆಸುವ ಸರದಿ ಯಾರದು?"

"ನಂದು" ಅಂದರು ಇಬ್ಬರೂ.

ಇಬ್ಬರೂ ಒಬ್ಬರತ್ತ ಒಬ್ಬರು ತಿರುಗಿದರು.

"ನಂದು ಕಣೋ" ಅಂದರು ಹಾತಾನಾಕಾ. "ನೀನು ಆಗಷ್ಟೇ ಬೆಳ್ಳಿ ಸೇನಾಪತೀನ ಮುಂದಿಟ್ಟಿದ್ದೆ."

"ಬೆಳ್ಳಿ ಇಟ್ಟೆ, ಆಮೇಲೆ ನೀನು ರಥ ತಂದೆ. ರಥ ಅಲ್ಲೇ ಇದೆ ನೋಡು! ಆಮೇಲೆ ನನ್ನ ಸರದಿ. ನಾನು ಕೈ ಎತ್ತಿದೆ, ಗಾರೆ ಬಿತ್ತು."

"ರಥ ಮುಂಚೇನೇ ತಂದಿದ್ದೆ!"

ಆಟದ ಮೊದಲಿಂದ ಒಂದೊಂದು ನಡೆಯನ್ನೂ ಎಣಿಸಿಕೊಂಡು ಬಂದರೆ ಸರದಿ ಯಾರದೆಂದು ತಿಳಿಯಬಹುದಿತ್ತು. ಎಣಿಸಲು ಕೂತರು. ಆದರೆ ಕಾಯಿ ಎಲ್ಲಿತ್ತೆಂಬುದು ನೆನಪಿತ್ತೇ ವಿನಾ ಯಾವ ದಾರಿ ಹಿಡಿದು ಅಲ್ಲಿಗೆ ಬಂತೆಂಬುದು ಇಬ್ಬರಿಗೂ ನೆನಪಿರಲಿಲ್ಲ. ಈ ರಥ ಒಂದೇ ಹೆಜ್ಜೆಗೆ ಬಂದಿತ್ತೋ, ನಡುವೆ ಒಂದು ಕಡೆ ತಂಗಿ ಬಂದಿತ್ತೋ? ನನಗೆ ಆಗ ಹೊಳೆಯಿತು. ಇಷ್ಟು ವರ್ಷವೂ ಇಬ್ಬರೂ ಬೇರೆ ಬೇರೆ ಮೂಲೆಯಲ್ಲಿ, ಬೇರೆ ಬೇರೆ ಜನರಿಗೆ, ತಮ್ಮ ತಮ್ಮ ಸರದಿಯಿಂದಲೇ ಶುರುಮಾಡಿ ತೋರಿಸುತ್ತಿದ್ದರು. ಒಟ್ಟಿಗೆ ಕೂತು ತೋರಿಸಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು.

"ಎರಡೂ ಕೇಳೋಣ" ಅಂದೆ ನಾನು.

ಹಾತಾನಾಕಾ ಸರದಿ ಎಂದು ಒತ್ತಿದೆ. ಗುಂಡಿಯಿಂದ ಬೆರಳು ಎತ್ತುವ ಮೊದಲೇ ಉತ್ತರ ಬಂತು: ಹಾತಾನಾಕಾ ಗೆಲುವು, ತಪ್ಪಿಸಿಕೊಳ್ಳುವ ದಾರಿಯೇ ಇಲ್ಲ. ಒಕುಮುರಾ ಸರದಿ ಎಂದು ಒತ್ತಿದೆ. ಅಷ್ಟೇ ಬೇಗ ಬಂತು: ಒಕುಮುರಾ ಗೆಲುವು, ತಪ್ಪಿಸಿಕೊಳ್ಳುವ ದಾರಿಯೇ ಇಲ್ಲ.

"ಅಂದ್ರೆ ಇಬ್ರೂ ಹೇಳಿದ್ದು ಸರಿ" ಅಂದೆ. "ಇಷ್ಟು ವರ್ಷಾನೂ ಇಬ್ರೂ ಸುಳ್ಳು ಹೇಳಿಲ್ಲ."

ಸಂತೋಷಪಡುತ್ತಾರೆ ಅಂದುಕೊಂಡಿದ್ದೆ. ಇಬ್ಬರ ಮುಖವೂ ಬಾಡಿಹೋಯಿತು.

"ನಾನು ಸರಿ ಅಂದ್ರೆ ಸಾಕಾ?" ಅಂದರು ಹಾತಾನಾಕಾ. "ಅವನು ತಪ್ಪು ಅಂತಾನೂ ಆಗಬೇಕಲ್ಲ!"

"ಮೂವತ್ತೆರಡು ತಲೆ" ಅಂದರು ಒಕುಮುರಾ ಯಂತ್ರವನ್ನು ನೋಡುತ್ತ. "ಅದರಲ್ಲಿ ಒಂದಕ್ಕಾದ್ರೂ ಆವತ್ತು ಯಾರ ಸರದಿ ಅಂತ ಗೊತ್ತಿಲ್ಲ."

"ನಿನ್ನ ತಲೆಗೇ ಗೊತ್ತಿಲ್ಲ, ಅದಕ್ಕೆ ಹೇಗೆ ಗೊತ್ತಾಗುತ್ತೆ?"

ಕರಿದ ತಿಂಡಿ ಆರಿಹೋಗುತ್ತಿತ್ತು. ನಾನು ಗೋಡೆಯ ಪಕ್ಕದಿಂದ ಒಂದು ಮಣೆ ತಂದು ಇಬ್ಬರ ನಡುವೆ ಇಟ್ಟು, ಕಾಯಿಯ ಡಬ್ಬಿಯನ್ನು ಅದರ ಮೇಲೆ ಬೋರಲು ಹಾಕಿದೆ. ಹಾತಾನಾಕಾ ರಾಜನನ್ನು ಹುಡುಕಿ ತಮ್ಮ ಕಡೆ ಇಟ್ಟರು. ಒಕುಮುರಾ ಕನ್ನಡಕ ಒರೆಸಿಕೊಂಡರು. ಆಮೇಲೆ ಇಬ್ಬರೂ ಟಪ್ ಟಪ್ ಎಂದು ಜೋಡಿಸತೊಡಗಿದರು. ಐದು ಕಾಲಾಳುಗಳನ್ನು ನಾಣ್ಯದ ಹಾಗೆ ಹಾರಿಸಿ, ಯಾವ ಮಗ್ಗುಲು ಹೆಚ್ಚು ಬಿತ್ತೆಂದು ಎಣಿಸಿ, ಮೊದಲ ಸರದಿ ಯಾರದೆಂದು ನೋಡಿದೆವು. ಹಾತಾನಾಕಾ ಅವರದು. "ಚಿಜುರು-ಚಾನ್, ನೀನೇ ಸಾಕ್ಷಿ. ಮೊದಲ ಸರದಿ ನಂದು" ಎಂದು ಮೂರು ಸಲ ಹೇಳಿದರು.

ಒಕುಮುರಾ ಒಂದು ನಡೆಗೆ ಅರ್ಧ ಚಹಾ ಕುಡಿಯುವಷ್ಟು ಹೊತ್ತು ತೆಗೆದುಕೊಂಡರು. ಒಕುಮುರಾ ಬೆರಳು ಎತ್ತುವ ಮೊದಲೇ ಹಾತಾನಾಕಾ ಉತ್ತರ ಕುಟ್ಟಿದರು. ಹತ್ತು ವರ್ಷ ದೂರದಿಂದ ಎಸೆದ ಬೈಗುಳಗಳೆಲ್ಲ ಈಗ ಮುಖಕ್ಕೆ ಮುಖ ಕೊಟ್ಟು ಒಂದೊಂದಾಗಿ ಹೊರಬಂದವು. ಮಧ್ಯದಲ್ಲಿ ಒಂದು ಕಾಯಿ ಬಿದ್ದು ಇಬ್ಬರೂ ಮೇಜಿನಡಿ ಹುಡುಕಿದರು. ಶೋಗಿಯಲ್ಲಿ ಸೆರೆಹಿಡಿದ ಕಾಯಿಯನ್ನು ತನ್ನದಾಗಿಸಿಕೊಂಡು ಮತ್ತೆ ಮಣೆಗೆ ಇಳಿಸಬಹುದು. ಆಟ ಬಿಸಿಯೇರುತ್ತಿದ್ದಾಗ ಹಾತಾನಾಕಾ ಹಾಗೆ ಸೆರೆಹಿಡಿದ ಒಂದು ಕಾಲಾಳನ್ನು ಗಾಳಿಯಲ್ಲಿ ಎತ್ತಿ, ಸಿಡಿಲಿನಂತೆ ಮಣೆಯ ಮೇಲೆ ಹೊಡೆದರು.

"ಈಗ ಎಲ್ಲಿಗೋಡ್ತೀಯಾ ಟೇಲರ್?"

ಒಕುಮುರಾ ಮಣೆ ನೋಡಿದರು. ನಾನೂ ನೋಡಿದೆ. ಅದೇ ನೇರ ಸಾಲಿನಲ್ಲಿ ಕೆಳಗೆ ಹಾತಾನಾಕಾ ಅವರದೇ ಇನ್ನೊಂದು ಕಾಲಾಳು ನಿಂತಿತ್ತು. ಒಂದೇ ಸಾಲಿನಲ್ಲಿ ತನ್ನ ಎರಡು ಕಾಲಾಳು ಇರುವಂತಿಲ್ಲ. ಇಟ್ಟವನು ಆ ಕ್ಷಣವೇ ಸೋತ ಹಾಗೆ. ಮಕ್ಕಳಿಗೆ ಮೊದಲ ದಿನ ಕಲಿಸುವ ನಿಯಮ.

ಒಕುಮುರಾ ಬಾಯಿ ತೆರೆದರು. ಇಡೀ ಓಣಿಗೆ ಕೇಳುವಂತೆ ಕೂಗುತ್ತಾರೆ ಅಂದುಕೊಂಡೆ. ಅವರು ತಗ್ಗಿದ ದನಿಯಲ್ಲಿ, "ತೆಗಿ ಅದನ್ನ" ಅಂದರು.

"ಏನು?"

"ಆ ಕಾಲಾಳು ತೆಗಿ. ಬೇರೆ ಕಡೆ ಇಡು. ಈಗಲೇ ಮುಗಿದುಹೋದ್ರೆ ನಾನು ಮನೆಗೆ ಹೋಗಬೇಕು. ಇವತ್ತು ನಮ್ಮವಳ ಹಾಡಿನ ಗುಂಪು ನಮ್ಮನೇಲೇ ಕೂತಿದೆ."

ಹಾತಾನಾಕಾ ಮಣೆಗೆ ಬಗ್ಗಿ ನೋಡಿದರು. ಕಿವಿಯವರೆಗೂ ಕೆಂಪಾದರು. ಒಂದು ಕ್ಷಣ ಅವರ ಕೈ ಆ ಕಾಲಾಳಿನ ಕಡೆ ಹೋದದ್ದು ನಿಜ. ಅಲ್ಲಿಂದಲೇ ಹಿಂದಕ್ಕೆ ಬಂತು. ಬೆನ್ನು ನೆಟ್ಟಗೆ ಮಾಡಿ, ಎರಡೂ ಕೈ ತೊಡೆಯ ಮೇಲಿಟ್ಟು, ತಲೆ ಬಾಗಿಸಿದರು.

"ನಾನು ಸೋತೆ" ಅಂದರು.

ಒಕುಮುರಾ ಗಡಿಬಿಡಿಯಿಂದ ತಾವೂ ತಲೆ ಬಾಗಿಸಿದರು. ಗೆದ್ದವರ ಮುಖದಲ್ಲಿ ಗೆಲುವಿನ ಕಳೆ ಇರಲಿಲ್ಲ, ತಟ್ಟೆಯಿಂದ ಊಟ ಕಿತ್ತುಕೊಂಡವರ ಹಾಗಿದ್ದರು.

"ಇದೆಲ್ಲ ಲೆಕ್ಕಕ್ಕಿಲ್ಲ" ಅಂದರು. "ಇದಕ್ಕೆ ಗೆಲುವು ಅಂತಾರಾ ಯಾರಾದ್ರೂ?"

"ಸೋತಿದ್ದು ಸೋತಿದ್ದೇ. ಹಾಗಂತ ಬೀಗಬೇಡ. ಕಾಯಿ ಜೋಡಿಸು. ಈ ಸಲ ಮೊದಲ ಸರದಿ ನಿಂದು. ಚಿಜುರು-ಚಾನ್, ನೀನೇ ಸಾಕ್ಷಿ."

ಆ ಸಂಜೆ ಇನ್ನೂ ಎರಡು ಆಟ ಆಡಿದರು. ಹಾಡಿನ ಗುಂಪು ಚದುರಿದೆ ಎಂದು ಒಕುಮುರಾ ಹೆಂಡತಿ ಫೋನು ಮಾಡಿದ ಮೇಲೆಯೇ ಎದ್ದದ್ದು. ಈಗ ದಿನಾ ಕಿಟಕಿಯ ಪಕ್ಕ ಇಬ್ಬರೂ ಎದುರುಬದುರು ಕೂರುತ್ತಾರೆ. ಕೂಗಾಟ ಕಡಿಮೆಯಾಗಿಲ್ಲ. ಮೊದಲಾದರೆ ನನ್ನ ತಲೆಯ ಮೇಲೆ ಹಾದುಹೋಗುತ್ತಿತ್ತು, ಈಗ ಒಂದೇ ಮೂಲೆಯಲ್ಲಿ ಸುತ್ತುತ್ತದೆ.

ಯಂತ್ರ ನನ್ನ ಗಲ್ಲಾದ ಪಕ್ಕದಲ್ಲಿದೆ. ಇಬ್ಬರೂ ಅದರ ಹತ್ತಿರ ಬಹಿರಂಗವಾಗಿ ಸುಳಿಯುವುದಿಲ್ಲ. ಆದರೆ ಹಾತಾನಾಕಾ ಸಿಗರೇಟು ಸೇದಲು ಹೊರಗೆ ಹೋದದ್ದೇ ತಡ, ಒಕುಮುರಾ ಮೆಲ್ಲಗೆ ಬಂದು, ಈಗಷ್ಟೇ ಮುಗಿದ ಆಟವನ್ನು ಅದಕ್ಕೆ ತೋರಿಸು ಅನ್ನುತ್ತಾರೆ. ಒಕುಮುರಾ ಪಾಯಿಖಾನೆಗೆ ಹೋದರೆ ಹಾತಾನಾಕಾ ಬರುತ್ತಾರೆ. ಇಬ್ಬರೂ ನನ್ನ ಕಿವಿಯಲ್ಲಿ ಕೇಳುವುದು ಒಂದೇ.

"ಚಿಜುರು-ಚಾನ್, ಅವನು ಎಲ್ಲೆಲ್ಲಿ ತಪ್ಪು ಮಾಡಿದ ಅಂತ ಮಾತ್ರ ಹೇಳು. ನಂದು ಬೇಡ."